ಮೂರನೇ ಜರ್ನಲ್

ಮಾರ್ಚ್ 4
ಭಾವನ ಟ್ಯಾಕ್ಸಿಯ ಎಂಜಿನ್ ಬಿಚ್ಚಿ ಮುಗಿಯಿತು. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ತೊಳೆದು ಬೆಂಚಿನ ಮೇಲಿಟ್ಟೆ. ಎಂಜಿನ್ನಿನ ಮೇಲ್ಭಾಗದ ಹೆಡ್‌ನೊಳಗೆ ಕೂತು ತಿರುಗುವ ಅದರ ಐದು ದುಂಡು ಭಾಗಗಳಲ್ಲಿ, ಅಂದರೆ ಜರ್ನಲ್‌ಗಳಲ್ಲಿ, ನಾಲ್ಕು ನುಣುಪಾಗಿವೆ, ಮೂರನೆಯದರಲ್ಲಿ ಮಾತ್ರ ಗೀರು. ಮೈಕ್ರೋಮೀಟರ್ ಹಿಡಿದೆ. ಅಳತೆ ಸರಿ ಬಂತು.

ಭಾವ ಸ್ಟೂಲಿನ ಮೇಲೆ ಕೂತು ಕಾಲು ಕುಣಿಸುತ್ತಿದ್ದರು. "ಏನಪ್ಪಾ ಭಾಮೈದ, ಅದಕ್ಕೆ ಜಾತಕ ಬರೀತಿದ್ದೀಯಾ? ಸರಿ ಇದೆಯೋ ಇಲ್ವೋ ಹೇಳು."

"ಸರಿ ಇದೆ ಭಾವ."

ಗೀರನ್ನು ಎಮರಿ ಪೇಪರ್‌ನಲ್ಲಿ ಉಜ್ಜಿ, ಶಾಫ್ಟ್ ಕೂರಿಸಿದೆ.

ಮಾರ್ಚ್ 19
ಟ್ಯಾಕ್ಸಿ ವಾಪಸ್ ಬಂತು. ಬಿಸಿಯಾದರೆ ಟಕಟಕ ಸದ್ದು, ಆಯಿಲ್ ಲೈಟ್ ಮಿನುಗುತ್ತದೆ.

ಕೇಳಿದ ಕೂಡಲೇ ಗೊತ್ತಾಯಿತು. ಅವತ್ತು ಒಂದೇ ಕಡೆ ಅಳೆದಿದ್ದೆ. ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯಬೇಕು. ಮೊಟ್ಟೆಯಾಕಾರಕ್ಕೆ ಸವೆದ ಜರ್ನಲ್ ಒಂದು ಕಡೆಯಿಂದ ಸರಿಯಾಗೇ ತೋರುತ್ತದೆ. ಗ್ಯಾರೇಜಿನವರಿಗೆಲ್ಲ ನಾನೇ ಹೇಳಿಕೊಡುವ ಪಾಠ.

ಬಾಯಿಂದ ಬಂದದ್ದು ಬೇರೆ. "ಆಯಿಲ್ ಕಳಪೆ ಇರ್ಬೇಕು ಭಾವ."

ಮಾರ್ಚ್ 21
ಅಕ್ಕನ ಮನೆಯಲ್ಲಿ ಊಟ. ಬಡಿಸುತ್ತಾ ಹೇಳಿದಳು — "ನಿಮ್ಮ ಭಾವ ಆಯಿಲ್ ಅಂಗಡಿಯವರ ಜೊತೆ ಮಾತು ಬಿಟ್ಟಿದ್ದಾರೆ ಕಣೋ. ಕಲಬೆರಕೆ ಮಾರ್ತೀಯಾ ಅಂತ ಗಿರಾಕಿಗಳ ಮುಂದೆಯೇ ಅಂದುಬಿಟ್ರಂತೆ. ಚಡ್ಡಿ ಹಾಕ್ಕೊಳ್ಳೋ ಕಾಲದ ಸ್ನೇಹ..."

ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ.

"ಯಾಕೋ, ಉಪ್ಪು ಜಾಸ್ತಿಯಾಯ್ತಾ?"

"ಇಲ್ಲ ಅಕ್ಕ."

ಮಾರ್ಚ್ 24
ಬೇರೆ ಅಂಗಡಿಯ ಆಯಿಲ್, ಸ್ವಲ್ಪ ದಪ್ಪನೆಯದು. ಸದ್ದು ಅಡಗಿದೆ. ಭಾವ ಬೆನ್ನು ತಟ್ಟಿದರು. "ನಿನ್ನ ಮಾತು ಅಂದ್ರೆ ಮಾತು."

ದಪ್ಪ ಆಯಿಲ್ ಸದ್ದನ್ನು ಮುಚ್ಚುತ್ತದೆ, ಸವೆತವನ್ನಲ್ಲ. ಹೇಳಬಹುದಿತ್ತು. ನಕ್ಕೆ.

ಏಪ್ರಿಲ್ 2
ಬೀದಿಯ ತಿರುವಿನಿಂದಲೇ ಟಕಟಕ ಕೇಳಿಸಿತು. ಸವೆದದ್ದು ಜರ್ನಲ್ ಒಂದೇ ಆದರೆ ವೆಲ್ಡಿಂಗ್‌ನಲ್ಲಿ ತುಂಬಿಸಿ, ಗ್ರೈಂಡ್ ಮಾಡಿಸಿ ಸರಿಪಡಿಸಬಹುದು. ಆದರೆ ಅದು ಹೆಡ್ಡನ್ನೂ ತಿನ್ನುತ್ತಿದೆ. ನಾನು ಬಾಯಿಗೆ ಬೀಗ ಹಾಕಿಕೊಂಡಷ್ಟೂ ತಿನ್ನುತ್ತದೆ. ಅಂಗಡಿಯವರ ಹೆಸರನ್ನೂ.

ಏಪ್ರಿಲ್ 3, ಸಂಜೆ
ಬಿಚ್ಚಿದೆ. ಹೆಡ್‌ನಲ್ಲಿ ಗೀರು ಬಿದ್ದಿದೆ, ಉಗುರು ಸಿಕ್ಕಿಕೊಳ್ಳುವಷ್ಟು. ಭಾವನನ್ನು ಬೆಂಚಿನ ಹತ್ತಿರ ಕರೆದು ಮೂರನೇ ಜರ್ನಲ್‌ಗೆ ಮೈಕ್ರೋಮೀಟರ್ ಹಿಡಿದು ತೋರಿಸಿದೆ. ಸರಿ. ಶಾಫ್ಟ್ ತಿರುಗಿಸಿ ಮತ್ತೆ ಹಿಡಿದೆ. ಕಡಿಮೆ.

ಭಾವ ಓದಿದರು. ಇನ್ನೊಮ್ಮೆ ಬಗ್ಗಿ ಓದಿದರು.

"ಅವತ್ತು ತಿರುಗಿಸಿರ್ಲಿಲ್ವಾ?"

"ಇಲ್ಲ ಭಾವ. ಆಯಿಲ್ ಸರಿಯಾಗೇ ಇತ್ತು. ಸದ್ದು ಕೇಳಿದಾಗಲೇ ಗೊತ್ತಾಗಿತ್ತು."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಫೋನ್ ತೆಗೆದು ಅಂಗಡಿಯವರ ನಂಬರ್ ಒತ್ತಿದರು, ನನ್ನ ಕೈಗಿಟ್ಟರು. "ಕಲಬೆರಕೆ ಅನ್ನೋ ಮಾತು ನನ್ನ ಬಾಯಲ್ಲಿ ಬಂತು, ಹುಟ್ಟಿದ್ದು ನಿನ್ನಿಂದ. ನೀನೇ ಹೇಳು."

ಆ ಕಡೆಯಿಂದ ಅಂಗಡಿಯವರ ದನಿ, ತಡೆದು ತಡೆದು — "ಏನಯ್ಯಾ... ಕೊನೆಗೂ ನೆನಪಾಯ್ತಾ?" ಫೋನ್ ಮಾಡಿದವರು ಭಾವನೇ ಅಂದುಕೊಂಡಿದ್ದರು. ಎಷ್ಟು ಖುಷಿಯಿತ್ತು ಆ ದನಿಯಲ್ಲಿ.

"ಭಾವ ಅಲ್ಲ, ನಾನು ಅವರ ಭಾಮೈದ," ಅಂದೆ. "ನಿಮ್ಮ ಆಯಿಲ್‌ನಲ್ಲಿ ತಪ್ಪಿರಲಿಲ್ಲ, ತಪ್ಪು ನನ್ನದು."