ಸಾಹೇಬರು ಹೊರಗೆ ಹೋಗಿದ್ದಾರೆ

ಕುಷ್ಟಗಿ, ೧೯೪೪

ತೀರ್ಥರೂಪರಾದ ಅಪ್ಪನವರಿಗೆ ಮಗನ ನಾಚಿಕೆಪೂರ್ವಕ ನಮಸ್ಕಾರಗಳು.

ಮಗ ದನದ ಡಾಕ್ಟರಾದನೆಂದು ನೀವು ಇರಕಲ್ಲಗಡದ ತುಂಬ ಹೇಳಿಕೊಂಡು ಬಂದಿದ್ದೀರಿ. ಆ ಡಾಕ್ಟರು ಇಂದು ಮಾಡಿದ ಘನಕಾರ್ಯವನ್ನು ಕೇಳಿರಿ. ಮುದಿಯಪ್ಪನೆಂಬ ರೈತ ಹೊಟ್ಟೆ ಉಬ್ಬಿದ ಎತ್ತನ್ನು ದವಾಖಾನೆಗೆ ಹೊಡೆದುಕೊಂಡು ಬಂದು, "ಡಾಕ್ಟರ್ ಸಾಹೇಬ್ರು ಅದಾರೇನ್ರಿ?" ಎಂದ. ಪರೀಕ್ಷೆ ಪಾಸಾದದ್ದೇ ಯಾರದೋ ಕಣ್ತಪ್ಪಿನಿಂದ ಎಂದು ನಂಬಿರುವ ನಾನು, "ಹೊರಗ ಹೋಗ್ಯಾರ" ಎಂದುಬಿಟ್ಟೆ!

ಎತ್ತು ಕಾಯುವ ಸ್ಥಿತಿಯಲ್ಲಿರಲಿಲ್ಲ. "ಅವರು ಬರೂತನಕ ನಾನ ನೋಡ್ತೀನಿ" ಎಂದು ಬಿದಿರಿನ ಗೊಟ್ಟದಿಂದ ಔಷಧ ಕುಡಿಸಿ ಹೊಟ್ಟೆ ತಿಕ್ಕಿದೆ. ಎತ್ತು ತೇಗಿತು. ಸ್ವಲ್ಪ ಹೊತ್ತಿಗೆ ಮೇವಿಗೂ ಬಾಯಿ ಹಾಕಿತು.

ಮುದಿಯಪ್ಪ ಮಾತ್ರ ಹೋಗಲೊಲ್ಲ. "ನಿನ್ನ ಕೈಗುಣ ಭಾಳ ಛಲೋ ಐತಿ, ತಮ್ಮಾ. ಸಾಹೇಬ್ರು ಬರ್ಲಿ, ಇವಂಗೊಂದು ದೊಡ್ಡ ನೌಕರಿ ಕೊಡ್ರಿ ಅಂತ ಕಾಲಿಗೆ ಬೀಳ್ತೀನಿ" ಎಂದು ಕಟ್ಟೆಯ ಮೇಲೆ ಕೂತಿದ್ದಾನೆ.

ನಾನು ಒಳಗೆ ಅವಿತುಕೊಂಡು ಇದನ್ನು ಬರೆಯುತ್ತಿದ್ದೇನೆ. ದಯಮಾಡಿ ಊರಲ್ಲಿ ಯಾರಿಗೂ ಓದಿ ಹೇಳಬೇಡಿರಿ. ಮುದುಕನನ್ನು ಇನ್ನು ಕಾಯಿಸುವುದು ತರವಲ್ಲ. ಹೊರಗೆ ಹೋಗಿ, ಸಾಹೇಬ ಬಂದಿದ್ದಾನೆಂದು ಹೇಳಲೇಬೇಕು.

ಇಂತಿ ನಿಮ್ಮ ಮಗ,
ಕೊಟ್ರಬಸಪ್ಪ,
ದನದ ಡಾಕ್ಟರ್