ಕೊಕ್ಕಿಲ್ಲದ ಗಿಳಿ

ಹೊಸಕೋಟೆ, ಬುಧವಾರ

ಅಮ್ಮನಿಗೆ ಸಿಂಚನಳ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ಮಾತು ಮರೆಸುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಸಂಕ್ರಾಂತಿಗೆ ನಾವು ಸಕ್ಕರೆ ಅಚ್ಚು ಹಾಕುತ್ತಿದ್ದ ಮರದ ಮಣೆಯಲ್ಲಿ ಗಿಳಿಯ ಕೊಕ್ಕು ಮುರಿದಿತ್ತು, ನೆನಪಿದೆಯಾ? ಎಳ್ಳು ಬೀರಿದ ಮೇಲೆ ಅನುಗೊಂಡನಹಳ್ಳಿಯಲ್ಲಿ ಯಾರ ತಟ್ಟೆಯಲ್ಲಿ ಕೊಕ್ಕಿಲ್ಲದ ಗಿಳಿ ಕಂಡರೂ ನಿನ್ನ ಹೆಸರು ಹಿಡಿದು, "ಇದು ಮುನಿಲಕ್ಷ್ಮಮ್ಮನ ಮನೇದು ಕಣೇ" ಅನ್ನುತ್ತಿದ್ದರು.

ಲ್ಯಾಬಿನಲ್ಲಿ ನಾನು ನೋಡುವುದೂ ಅಂಥದ್ದೇ. ಕಿಡ್ನಿಯ ಸಣ್ಣ ನಾಳಗಳಲ್ಲಿ ಕಟ್ಟಿಕೊಂಡ ಅಚ್ಚುಗಳು ಮೂತ್ರದಲ್ಲಿ ಇಳಿದು ಬರುತ್ತವೆ. ಅವನ್ನು ನೋಡಿದರೆ ಒಳಗೆ ಏಟು ಬಿದ್ದಿರುವುದು ತಿಳಿಯುತ್ತದೆ. ಅಪ್ಪನದೆಂದು ನೀನು ತಂದುಕೊಟ್ಟ ಬಾಟಲಿಯಲ್ಲಿ ತರಿತರಿಯಾದ ಅಚ್ಚುಗಳು ಬಹಳ ಇದ್ದವು. ಗಾಬರಿಯಾಗಿ ಅಪ್ಪನಿಗೆ ಫೋನ್ ಮಾಡಿದೆ.

"ನಾನ್ಯಾವ ಬಾಟ್ಲಿನೂ ಕೊಟ್ಟಿಲ್ವಲ್ಲಮ್ಮಾ" ಅಂದರು.

ಅದು ನಿನ್ನದೇ ಎಂದು ಆಗ ತಿಳಿಯಿತು. ಕೋಪ ಬಂದಿಲ್ಲ ಅಂದರೆ ಸುಳ್ಳಾಗುತ್ತದೆ. ಮಂಡಿನೋವಿಗೆ ನೀನು ಅಂಗಡಿಯಿಂದ ತರಿಸಿ ನುಂಗುವ ಮಾತ್ರೆಯನ್ನು ಇವತ್ತೇ ನಿಲ್ಲಿಸು; ಅಂಥ ಮಾತ್ರೆಗಳಿಂದಲೂ ಕಿಡ್ನಿಗೆ ಏಟು ಬೀಳುತ್ತದೆ. ಸೋಮವಾರ ಬೆಳಿಗ್ಗೆ ಬಸ್ಸಿಗೆ ಬಾ, ಡಾಕ್ಟರಿಗೆ ಹೇಳಿಟ್ಟಿದ್ದೇನೆ. ಬರುವಾಗ ಆ ಗಿಳಿಯ ಅಚ್ಚನ್ನೂ ತಾ; ಈ ಸಲ ಇಲ್ಲೇ ಹಾಕೋಣ.

ಇನ್ನೊಂದು ಬಾಟಲಿ ಕೊಡುತ್ತೇನೆ. ಅದರ ಮೇಲೆ ಮುನಿಲಕ್ಷ್ಮಮ್ಮ ಎಂದೇ ಬರೆಯುತ್ತೇನೆ.

ನಿನ್ನ ಮಗಳು,
ಸಿಂಚನ