ಹೊಲದ ಮೇಲಿನ ಹಡಗು

ಸ್ಟಾಕ್ಟನ್, ಕ್ಯಾಲಿಫೋರ್ನಿಯಾ
ಏಪ್ರಿಲ್ ೧೯೩೪

ಅಕ್ಕಾ,

ಚಿನ್ನ ಹುಡುಕಿ ಬಂದವರಿಂದ ಬೆಳೆದ ಈ ಊರು ಈಗ ನಾವು ಕೊಯ್ಯುವ ಶತಾವರಿ ಕುಡಿಯಿಂದ ಬದುಕುತ್ತಿದೆ. ಸಮುದ್ರ ಬಲು ದೂರ, ಆದರೂ ಹೋದ ವರ್ಷದಿಂದ ದೊಡ್ಡ ಹಡಗುಗಳು ಹೊಳೆಯಲ್ಲೇ ಇಲ್ಲಿಗೆ ಬರುತ್ತಿವೆ. ನಮ್ಮ ಹೊಲ ಹೊಳೆಗಿಂತ ತಗ್ಗು. ಕೊಯ್ಯಲು ಬಗ್ಗಿದವರು ತಲೆ ಎತ್ತಿದರೆ, ಒಡ್ಡಿನಾಚೆ ಹಡಗು ನಮಗಿಂತ ಎತ್ತರದಲ್ಲಿ ತೇಲಿಹೋಗುತ್ತದೆ!

ಹಡಗು ಕಂಡೊಡನೆ, ನಮ್ಮ ಜೊತೆ ಕೊಯ್ಯುವ ಫೌಸ್ತೋ ಅಣ್ಣ ಬಿಡಾರಕ್ಕೆ ಓಡಿ, ಕೋಟು ತೊಟ್ಟು ಬಂದು ನಿಲ್ಲುತ್ತಿದ್ದ.

"ಯಾರಿಗೆ ತೋರಿಸೋಕಣ್ಣಾ ಈ ಮದುಮಗನ ವೇಷ?" ಎಂದು ಕಿಚಾಯಿಸುತ್ತಿದ್ದೆವು.

"ಊರಿಗೆ, ಮನಿಲಾಕ್ಕೆ ಹೋಗೋ ನಮ್ಮೋರು ಯಾರಾದ್ರೂ ಅದರಲ್ಲಿದ್ರೆ? ಹರಕು ಅಂಗೀಲಿ ನೋಡಿದ್ವಿ ಅಂತ ಅಮ್ಮಂಗೆ ಹೇಳಿಬಿಟ್ರೆ?"

ಹೋದ ವಾರ ಅವನ ತಾಯಿ ತೀರಿಕೊಂಡ ಕಾಗದ ಬಂತು. ಇವತ್ತು ಹಡಗು ಬಂದಾಗ ಕೋಟು ತಂದು ನನ್ನ ಹೆಗಲಿಗೆ ಹಾಕಿದ. "ನಿನ್ನಮ್ಮ ಇದ್ದಾಳಲ್ಲೋ, ನೀನು ನಿಂತ್ಕೋ" ಅಂದ.

ಕಪ್ಪು ಮಣ್ಣಿನ ತುರಿಕೆ ಬಿಟ್ಟರೆ ಆರೋಗ್ಯವಾಗಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ಅಮ್ಮ ದಿಂಬಿನ ಪಕ್ಕ ಇಟ್ಟುಕೊಂಡಿರುವ ನನ್ನ ಫೋಟೋದಲ್ಲಿರುವುದೂ ಫೌಸ್ತೋ ಅಣ್ಣನ ಈ ಕೋಟೇ. ಅವಳಿಗೆ ಓದಿ ಹೇಳುವಾಗ ಈ ಸಾಲೊಂದನ್ನು ಬಿಟ್ಟುಬಿಡು.

ನಿನ್ನ ತಮ್ಮ ಸೆವೆರೊ